ಸಂಜೆವರೆಗೂ ನಿಲ್ಲುವ ಫೌಂಡೇಶನ್: ಮೊದಲು ಚರ್ಮ, ಆಮೇಲೆ ಬ್ರ್ಯಾಂಡ್

ಮುಖದ ಬಣ್ಣ ಎಲ್ಲ ಕಡೆಯೂ ಒಂದೇ ತೆರನಾಗಿ ಇರುವುದಿಲ್ಲ. ಬಾಯಿಯ ಸುತ್ತ, ಹಣೆಯ ಅಂಚಿನಲ್ಲಿ, ಕಣ್ಣಿನ ಕೆಳಗೆ ತುಸು ಕಪ್ಪು, ಕೆನ್ನೆಯಲ್ಲಿ ತಿಳಿ, ಮೊಡವೆ ಒಣಗಿದ ಜಾಗದಲ್ಲಿ ಕಲೆ. ಇವನ್ನು ಮರೆಸಿ ಮುಖಕ್ಕೆಲ್ಲ ಒಂದೇ ಬಣ್ಣ ಕೊಡುವ ಲೇಪವೇ ಫೌಂಡೇಶನ್. ಮೇಕಪ್‌ನ ಉಳಿದ ಪದರಗಳು ಇದರ ಮೇಲೆ ಕೂರುತ್ತವೆ. ಅಮೆರಿಕದಲ್ಲಿ ಔಷಧಿ ಅಂಗಡಿಗಳ ಕಪಾಟಿನಲ್ಲೇ ಸಿಗುವ, ಕೈಗೆಟಕುವ ಬೆಲೆಯ ಬಗೆಯನ್ನು ಡ್ರಗ್‌ಸ್ಟೋರ್ ಫೌಂಡೇಶನ್ ಎನ್ನುತ್ತಾರೆ. ಕರ್ನಾಟಕದ ಊರುಗಳಲ್ಲಿ ಅದೇ ದರ್ಜೆಯ ಬಾಟಲಿಗಳು ಫ್ಯಾನ್ಸಿ ಸ್ಟೋರ್, ಸೂಪರ್ ಮಾರ್ಕೆಟ್ ಮತ್ತು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಲ್ಯಾಕ್ಮೆ, ಮೇಬಲಿನ್, ಲೋರಿಯಲ್, ರೆವ್ಲಾನ್ ಇವುಗಳಲ್ಲಿ ಹೆಚ್ಚು ಪರಿಚಿತ ಹೆಸರುಗಳು.

ಒಬ್ಬರ ಮುಖದಲ್ಲಿ ರಾತ್ರಿಯವರೆಗೆ ನಿಂತ ಫೌಂಡೇಶನ್ ಇನ್ನೊಬ್ಬರ ಮುಖದಲ್ಲಿ ಮಧ್ಯಾಹ್ನಕ್ಕೇ ಕರಗಿಹೋಗುವುದುಂಟು. ಬಾಳಿಕೆ ಅರ್ಧ ಬಾಟಲಿಯಲ್ಲಿದ್ದರೆ ಇನ್ನರ್ಧ ಅದನ್ನು ಹಚ್ಚಿಕೊಳ್ಳುವ ಚರ್ಮದಲ್ಲಿದೆ. ಆದ್ದರಿಂದ ‘ಒಳ್ಳೆಯ ಫೌಂಡೇಶನ್ ಯಾವುದು’ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಸಿಗದು.

ಬಾಟಲಿಯೊಳಗೆ ಇರುವುದೇನು?

ಫೌಂಡೇಶನ್‌ಗೆ ಬಣ್ಣ ಬರುವುದು ಮುಖ್ಯವಾಗಿ ನಾಲ್ಕು ಪುಡಿಗಳಿಂದ: ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಮತ್ತು ಕೆಂಪು, ಹಳದಿ, ಕಪ್ಪು ಬಣ್ಣದ ಐರನ್ ಆಕ್ಸೈಡ್‌ಗಳು. ಈ ನಾಲ್ಕರ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಯೇ ಹತ್ತಾರು ಶೇಡ್‌ಗಳನ್ನು ತಯಾರಿಸುತ್ತಾರೆ. ಪುಡಿಯನ್ನು ಮುಖದ ಮೇಲೆ ಸಮನಾಗಿ ಹರಡಲು ನೀರು, ಎಣ್ಣೆ ಅಥವಾ ಸಿಲಿಕೋನ್ ದ್ರವ ಬೇಕು. ನೀರು, ಎಣ್ಣೆ ಬೇರ್ಪಡದಂತೆ ಎಮಲ್ಸಿಫೈಯರ್, ಕೆಡದಂತೆ ಪ್ರಿಸರ್ವೇಟಿವ್ ಸೇರಿಸಿರುತ್ತಾರೆ.

ಹೆಚ್ಚು ಹೊತ್ತು ನಿಲ್ಲುವ ಬಗೆಯಲ್ಲಿ ಇನ್ನೆರಡು ವಸ್ತುಗಳು ಮುಖ್ಯ. ಒಂದು, ಬೇಗ ಆವಿಯಾಗುವ ದ್ರವ. ಐಸೊಡೊಡೆಕೇನ್, ಸೈಕ್ಲೊಪೆಂಟಾಸಿಲೊಕ್ಸೇನ್ ಇಂಥವು. ಇನ್ನೊಂದು, ಪೊರೆ ಕಟ್ಟುವ ರಾಳ. ಟ್ರೈಮಿಥೈಲ್‌ಸಿಲೊಕ್ಸಿಸಿಲಿಕೇಟ್ ಇದಕ್ಕೆ ಉದಾಹರಣೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ದ್ರವ ಆರಿಹೋಗುತ್ತದೆ. ರಾಳವು ಬಣ್ಣದ ಪುಡಿಯನ್ನು ಹಿಡಿದುಕೊಂಡು ತೆಳುವಾದ ಪೊರೆಯಾಗಿ ಚರ್ಮಕ್ಕೆ ಅಂಟುತ್ತದೆ. ಈ ಪೊರೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ, ಕಾಲರಿಗೂ ಮೊಬೈಲಿಗೂ ಅಷ್ಟಾಗಿ ಮೆತ್ತಿಕೊಳ್ಳುವುದಿಲ್ಲ. ಅದು ಬೇಗ ಆರುವುದರಿಂದಲೇ ಮುಖಕ್ಕೆಲ್ಲ ಒಮ್ಮೆಗೇ ಚುಕ್ಕೆ ಇಟ್ಟುಕೊಂಡು ನಿಧಾನವಾಗಿ ಹರಡಲು ಹೋದರೆ ಪಟ್ಟೆ ಬೀಳುತ್ತದೆ.

ಫೌಂಡೇಶನ್ ಜನಸಾಮಾನ್ಯರಿಗೆ ಬಂದದ್ದು ಸಿನಿಮಾದಿಂದ. ಹಾಲಿವುಡ್‌ನ ಮೇಕಪ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಟೆಕ್ನಿಕಲರ್ ಚಿತ್ರಗಳಿಗಾಗಿ ರೂಪಿಸಿದ ಪ್ಯಾನ್‌ಕೇಕ್ 1930ರ ದಶಕದ ಕೊನೆಗೆ ಅಂಗಡಿಗಳಲ್ಲೂ ಮಾರಾಟವಾಗತೊಡಗಿತು. ಒದ್ದೆ ಸ್ಪಾಂಜಿನಲ್ಲಿ ಉಜ್ಜಿ ಹಚ್ಚುವ ಬಿಲ್ಲೆ ಅದು. ಮೆತ್ತಿಕೊಳ್ಳದ, ದಿನವಿಡೀ ನಿಲ್ಲುವ ದ್ರವರೂಪದ ಫೌಂಡೇಶನ್‌ಗಳು ಜನಪ್ರಿಯವಾದದ್ದು 1990ರ ದಶಕದಲ್ಲಿ. ರೆವ್ಲಾನ್‌ನ ಕಲರ್‌ಸ್ಟೇ, ಎಸ್ಟೀ ಲಾಡರ್‌ನ ಡಬಲ್ ವೇರ್ ಆ ಕಾಲದವು. ಭಾರತದಲ್ಲಿ ಲ್ಯಾಕ್ಮೆ 1952ರಲ್ಲಿ ಟಾಟಾ ಸಮೂಹದಿಂದ ಹುಟ್ಟಿತು. ರೆವ್ಲಾನ್ 1995ರಲ್ಲಿ ಇಲ್ಲಿಗೆ ಬಂತು.

ಬೆಲೆ ಕಡಿಮೆಯಾದರೆ ಬಾಳಿಕೆಯೂ ಕಡಿಮೆ ಎಂದು ಹೇಳಲಾಗದು. ಮೇಬಲಿನ್ ಕಂಪನಿಯನ್ನು ಲೋರಿಯಲ್ ಸಮೂಹ 1996ರಲ್ಲಿ ಕೊಂಡಿತು. ದುಬಾರಿ ಲಾಂಕೋಮ್ ಕೂಡ ಅದೇ ಸಮೂಹದ್ದು. ಬಣ್ಣದ ಪುಡಿ, ಸಿಲಿಕೋನ್, ರಾಳ ಎರಡೂ ದರ್ಜೆಗಳಿಗೆ ಸಾಮಾನ್ಯ. ದುಬಾರಿ ಬಾಟಲಿಯಲ್ಲಿ ಗಾಜಿನ ಶೀಶೆ, ಪರಿಮಳ, ಹೆಚ್ಚು ಶೇಡ್‌ಗಳು, ಹಚ್ಚಿ ನೋಡಲು ಅಂಗಡಿಯಲ್ಲಿ ಅವಕಾಶ ಇವೆಲ್ಲ ಬೆಲೆಗೆ ಸೇರುತ್ತವೆ.

ಫೌಂಡೇಶನ್ ಕರಗುವುದೇಕೆ?

ಫೌಂಡೇಶನ್‌ನ ಮೊದಲ ಶತ್ರು ಬೆವರಲ್ಲ, ಜಿಡ್ಡು. ಹಣೆ, ಮೂಗು, ಗಲ್ಲದ ಚರ್ಮದಲ್ಲಿ ಸೀಬಂ ಎಂಬ ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳು ದಟ್ಟವಾಗಿವೆ. ಪೊರೆಯ ಅಡಿಯಿಂದಲೇ ಈ ಎಣ್ಣೆ ಒಸರಿ ಅದನ್ನು ಸಡಿಲಿಸುತ್ತದೆ. ಮೂಗಿನ ಪಕ್ಕದಲ್ಲಿ ಬಣ್ಣ ಮೊದಲು ಬಿಡುವುದು ಇದರಿಂದಲೇ. ಬೆವರು ಎರಡನೆಯದು. ಕೈ, ಕರವಸ್ತ್ರ, ಕನ್ನಡಕ, ಮಾಸ್ಕ್‌ಗಳ ಉಜ್ಜಾಟ ಮೂರನೆಯದು. ನಗುವಾಗ, ಮಾತಾಡುವಾಗ ಚರ್ಮ ಮಡಿಚಿಕೊಳ್ಳುವಲ್ಲಿ ಪೊರೆ ಬಿರಿದು ಗೆರೆಗಳಲ್ಲಿ ಕೂರುವುದು ನಾಲ್ಕನೆಯದು.

ಹವೆಯದೂ ಪಾತ್ರವಿದೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ನೀರಿಗೆ ಬಿಡದ, ತೆಳುವಾದ ಮ್ಯಾಟ್ ಬಗೆ, ಅಂದರೆ ಹೊಳಪಿಲ್ಲದ್ದು, ಅನುಕೂಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು ಖಾರ, ಗಾಳಿ ಒಣ. ಅಲ್ಲಿಯೂ, ಬೆಂಗಳೂರಿನ ಏಸಿ ಕಚೇರಿಯಲ್ಲಿ ದಿನವಿಡೀ ಕೂರುವವರಲ್ಲೂ ಚರ್ಮ ಬಿಗಿದುಕೊಂಡು, ಅದೇ ಮ್ಯಾಟ್ ಫೌಂಡೇಶನ್ ಸಂಜೆಗೆ ಹೊಟ್ಟು ಎದ್ದಂತೆ ಕಾಣಬಹುದು.

ಚರ್ಮದ ಬಗೆ ತಿಳಿಯುವುದು

ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ತೆಳು ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆಗೆ ಒತ್ತಿದರೆ ಚರ್ಮದ ಬಗೆ ಗೊತ್ತಾಗುತ್ತದೆ. ಎಲ್ಲ ಕಡೆಯೂ ಎಣ್ಣೆ ಕಲೆ ಬಿದ್ದರೆ ಜಿಡ್ಡು ಚರ್ಮ. ಹಣೆ, ಮೂಗಿನಲ್ಲಿ ಮಾತ್ರ ಬಿದ್ದರೆ ಮಿಶ್ರ ಚರ್ಮ. ಎಲ್ಲೂ ಬೀಳದೆ ಚರ್ಮ ಎಳೆದಂತಾದರೆ ಒಣ ಚರ್ಮ.

ಜಿಡ್ಡು ಚರ್ಮದವರಿಗೆ ಮ್ಯಾಟ್ ಅಥವಾ ಆಯಿಲ್ ಫ್ರೀ ಎಂದು ಬರೆದ, ಎಣ್ಣೆ ಹೀರುವ ಸಿಲಿಕಾ, ಕೇಯೊಲಿನ್‌ನಂಥ ಪುಡಿ ಇರುವ ಬಗೆ ಒಳ್ಳೆಯದು. ಒಣ ಚರ್ಮದವರಿಗೆ ಗ್ಲಿಸರಿನ್, ಹಯಲುರಾನಿಕ್ ಆಮ್ಲ ಇರುವ, ಡ್ಯೂಯಿ ಅಥವಾ ಸ್ಯಾಟಿನ್ ಎಂದು ಬರೆದ, ತುಸು ಹೊಳೆಯುವ ಬಗೆ ಹೊಂದುತ್ತದೆ. ಕೆಲವು ಕಂಪನಿಗಳು ಒಂದೇ ಹೆಸರಿನಲ್ಲಿ ಎರಡು ಬಗೆ ಮಾರುತ್ತವೆ; ಕಲರ್‌ಸ್ಟೇಯಲ್ಲಿ ಜಿಡ್ಡು ಮತ್ತು ಮಿಶ್ರ ಚರ್ಮಕ್ಕೊಂದು, ಸಾಮಾನ್ಯ ಮತ್ತು ಒಣ ಚರ್ಮಕ್ಕೊಂದು ಬಾಟಲಿ ಇದೆ. ಮೇಬಲಿನ್ ಫಿಟ್ ಮಿಯಲ್ಲೂ ಮ್ಯಾಟ್ ಪ್ಲಸ್ ಪೋರ್‌ಲೆಸ್ ಬೇರೆ, ಡ್ಯೂಯಿ ಪ್ಲಸ್ ಸ್ಮೂದ್ ಬೇರೆ. ಹೆಸರು ನೋಡಿ ಕೊಂಡು ಬಗೆ ನೋಡದೆ ಮೋಸಹೋಗುವವರೇ ಹೆಚ್ಚು.

ಶೇಡ್ ಆರಿಸುವ ಬಗೆ

ಶೇಡ್‌ನಲ್ಲಿ ಎರಡು ಅಂಶಗಳಿವೆ: ಬಣ್ಣ ಎಷ್ಟು ಗಾಢ ಎಂಬುದು ಒಂದು, ಅದರೊಳಗಿನ ಛಾಯೆ ಯಾವುದು ಎಂಬುದು ಇನ್ನೊಂದು. ಛಾಯೆಯನ್ನು ಅಂಡರ್‌ಟೋನ್ ಎನ್ನುತ್ತಾರೆ. ಹಳದಿ, ಬಂಗಾರದ ಕಡೆ ವಾಲಿದರೆ ವಾರ್ಮ್. ಗುಲಾಬಿಯ ಕಡೆ ವಾಲಿದರೆ ಕೂಲ್. ಎರಡರ ನಡುವೆ ಇದ್ದರೆ ನ್ಯೂಟ್ರಲ್. ತುಸು ಹಸಿರು ಬೆರೆತಂತೆ ಕಾಣುವ ಆಲಿವ್ ಛಾಯೆಯೂ ಭಾರತೀಯರಲ್ಲಿ ಉಂಟು. ಮುಂಗೈಯ ನರಗಳ ಬಣ್ಣ ನೋಡಿ ಛಾಯೆ ತಿಳಿಯುವ ಉಪಾಯ ಪ್ರಸಿದ್ಧ. ಆದರೆ ಗಾಢ ಬಣ್ಣದ ಚರ್ಮದಲ್ಲಿ ನರ ಸರಿಯಾಗಿ ಕಾಣದ ಕಾರಣ ಅದು ಸದಾ ನಂಬುವಂಥದ್ದಲ್ಲ.

ಮುಂಗೈ ಮೇಲೆ ಹಚ್ಚಿ ಶೇಡ್ ನೋಡುವ ರೂಢಿಯೂ ತಪ್ಪು ದಾರಿಗೆ ಒಯ್ಯುತ್ತದೆ. ಕೈಯ ಬಣ್ಣಕ್ಕೂ ಮುಖದ ಬಣ್ಣಕ್ಕೂ ಅಂತರವಿರುತ್ತದೆ. ಸರಿಯಾದ ಜಾಗ ದವಡೆಯ ಅಂಚು. ಹತ್ತಿರದ ಮೂರು ಶೇಡ್‌ಗಳನ್ನು ಕೆನ್ನೆಯಿಂದ ಕುತ್ತಿಗೆಯ ಕಡೆಗೆ ಮೂರು ಸಣ್ಣ ಗೆರೆಯಾಗಿ ಎಳೆದು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲಿಗೆ ಬಂದು ಹಗಲು ಬೆಳಕಿನಲ್ಲಿ ನೋಡಬೇಕು. ಯಾವ ಗೆರೆ ಮುಖಕ್ಕೂ ಕುತ್ತಿಗೆಗೂ ಬೆರೆತು ಕಾಣದಂತಾಗುತ್ತದೋ ಅದೇ ಹೊಂದುವ ಶೇಡ್. ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದರೆ ಇನ್ನೂ ವಾಸಿ.

ಹೀಗೆ ಕಾಯುವುದಕ್ಕೆ ಕಾರಣವಿದೆ. ಹಚ್ಚಿದ ಕೆಲ ಹೊತ್ತಿನ ಮೇಲೆ ಫೌಂಡೇಶನ್ ಕಪ್ಪಾಗುವುದುಂಟು. ಗಾಳಿ ತಗುಲಿ ಆಕ್ಸಿಡೈಸ್ ಆಯಿತು ಎಂದು ಇದನ್ನು ವಿವರಿಸುವುದು ರೂಢಿ. ಆದರೆ ಐರನ್ ಆಕ್ಸೈಡ್ ಈಗಾಗಲೇ ಆಮ್ಲಜನಕದೊಂದಿಗೆ ಕೂಡಿದ ಸ್ಥಿರ ವಸ್ತು. ದ್ರವ ಆರಿದಾಗ ಬಣ್ಣದ ಪುಡಿ ದಟ್ಟವಾಗುವುದು ಮತ್ತು ಜಿಡ್ಡು ಆ ಪುಡಿಯನ್ನು ನೆನೆಸುವುದು ಹೆಚ್ಚು ಸಂಭವನೀಯ ಕಾರಣಗಳು. ಒಣಮಣ್ಣಿಗೆ ನೀರು ಬಿದ್ದರೆ ಬಣ್ಣ ಗಾಢವಾಗುವಂತೆ, ಎಣ್ಣೆ ಕುಡಿದ ಪುಡಿಯೂ ಗಾಢವಾಗಿ ಕಾಣುತ್ತದೆ. ಆದ್ದರಿಂದಲೇ ಜಿಡ್ಡು ಚರ್ಮದವರಲ್ಲಿ ಈ ತೊಂದರೆ ಹೆಚ್ಚು.

ಬೆಳ್ಳಗೆ ಕಾಣಲೆಂದು ಒಂದೆರಡು ಶೇಡ್ ತಿಳಿಯಾದದ್ದನ್ನು ಕೊಳ್ಳುವುದು, ಅಂಗಡಿಯವರೂ ಅದನ್ನೇ ಕೈಗಿಡುವುದು ಹಳೆಯ ರೂಢಿ. ತಿಳಿ ಶೇಡ್‌ಗಳಲ್ಲಿ ಬಿಳಿಯ ಪುಡಿಯ ಪಾಲು ಹೆಚ್ಚು. ಕಂದು ಚರ್ಮದ ಮೇಲೆ ಅದು ಬೆಳ್ಳಗಾಗುವ ಬದಲು ಬೂದು ಬಣ್ಣ ತಾಳುತ್ತದೆ, ಕುತ್ತಿಗೆ ಬೇರೆ, ಮುಖ ಬೇರೆ ಎಂಬಂತಾಗುತ್ತದೆ. ಹಿಂದೆ ಗಾಢ ಶೇಡ್‌ಗಳೇ ಅಂಗಡಿಯಲ್ಲಿ ವಿರಳವಾಗಿದ್ದವು. ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ 2017ರಲ್ಲಿ ಒಮ್ಮೆಗೇ 40 ಶೇಡ್‌ಗಳನ್ನು ಬಿಡುಗಡೆ ಮಾಡಿದ ಮೇಲೆ ಉಳಿದ ಕಂಪನಿಗಳೂ ಗಾಢ ಬಣ್ಣಗಳತ್ತ ಗಮನ ಹರಿಸಿದವು. ಫಿಟ್ ಮಿಯ 128, 230, 330 ಇಂಥ ಸಂಖ್ಯೆಗಳು ಆಯಾ ಕಂಪನಿಯೊಳಗೆ ಮಾತ್ರ ಅರ್ಥ ಕೊಡುತ್ತವೆ. ಒಂದು ಬ್ರ್ಯಾಂಡಿನ ಸಂಖ್ಯೆಯನ್ನು ಇನ್ನೊಂದರಲ್ಲಿ ಹುಡುಕಿ ಫಲವಿಲ್ಲ.

ಲೇಬಲ್ ಓದುವುದು

‘24 ಗಂಟೆ’, ‘30 ಗಂಟೆ’ ಎಂಬ ಬರಹ ಕಂಪನಿಯ ಪರೀಕ್ಷೆಯನ್ನು ಆಧರಿಸಿದ್ದು. ಅಷ್ಟು ಹೊತ್ತೂ ಮುಖ ಹೊಸದಾಗಿ ಹಚ್ಚಿದಂತೆ ಇರುತ್ತದೆ ಎಂದು ಅದರ ಅರ್ಥವಲ್ಲ. ಅಷ್ಟು ಹೊತ್ತು ಹಚ್ಚಿಕೊಂಡಿರಬೇಕೆಂದೂ ಅಲ್ಲ. ‘ನಾನ್ ಕಾಮಿಡೋಜೆನಿಕ್’ ಎಂದರೆ ರಂಧ್ರ ಮುಚ್ಚಿ ಮೊಡವೆ ತರಿಸುವ ಸಾಧ್ಯತೆ ಕಡಿಮೆ ಎಂದರ್ಥ. ಇದಕ್ಕೆ ಎಲ್ಲೆಡೆ ಒಪ್ಪಿದ ಒಂದೇ ಅಳತೆಗೋಲಿಲ್ಲವಾದ್ದರಿಂದ ಮೊಡವೆ ಇರುವವರು ಅದನ್ನೊಂದು ಸೂಚನೆ ಎಂದಷ್ಟೇ ಎಣಿಸಬೇಕು.

ಲೇಬಲ್ ಮೇಲೆ ಬಿಸಿಲು ತಡೆಯ ಅಳತೆಯಾದ ಎಸ್‌ಪಿಎಫ್ ಇದೆಯೆಂದು ಸನ್‌ಸ್ಕ್ರೀನ್ ಬಿಡುವಂತಿಲ್ಲ. ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಫೌಂಡೇಶನನ್ನು ಅಷ್ಟು ದಪ್ಪವಾಗಿ ಯಾರೂ ಬಳಿದುಕೊಳ್ಳುವುದಿಲ್ಲ. ಇನ್ನೊಂದು ಕಡೆ, ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ, ಬಂಗು ಇರುವವರಿಗೆ ಸನ್‌ಸ್ಕ್ರೀನ್ ಮೇಲಿನ ಈ ಪದರದಿಂದ ಉಪಯೋಗವಿದೆ.

ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ತಯಾರಕರ ಅಥವಾ ಆಮದುದಾರರ ವಿಳಾಸ ಇಲ್ಲದ ಬಾಟಲಿಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಹೆಸರಾಂತ ಬ್ರ್ಯಾಂಡ್‌ಗಳ ನಕಲಿ ಮಾಲು ಮಾರುಕಟ್ಟೆಯಲ್ಲಿದೆ.

ಹಚ್ಚುವ ಕ್ರಮ

ಮುಖ ತೊಳೆದು, ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿ, ಅವು ಚರ್ಮಕ್ಕೆ ಹಿಡಿಯಲು ಕೆಲ ನಿಮಿಷ ಬಿಡಬೇಕು. ಆತುರಪಟ್ಟರೆ ಮೇಲಿನ ಪದರ ಉಂಡೆಯುಂಡೆಯಾಗಿ ಎದ್ದು ಬರುತ್ತದೆ. ಫೌಂಡೇಶನ್‌ನ ಅಡಿಗೆ ಹಚ್ಚುವ ಪ್ರೈಮರ್ ಎಲ್ಲರಿಗೂ ಬೇಕಿಲ್ಲ. ಜಿಡ್ಡು ಹೆಚ್ಚಿರುವ ಮೂಗು, ಹಣೆಗೆ ಮಾತ್ರ ಸಾಕು. ನೀರಿನಂಶದ ಪ್ರೈಮರ್ ಮೇಲೆ ಸಿಲಿಕೋನ್ ಫೌಂಡೇಶನ್ ಕೆಲವೊಮ್ಮೆ ಕೂರುವುದಿಲ್ಲ. ಆಗ ಎರಡೂ ಒಂದೇ ಜಾತಿಯವು ಇರುವಂತೆ ನೋಡಿಕೊಳ್ಳಬೇಕು.

ಒಂದು ಪಂಪ್‌ನಷ್ಟು ತೆಗೆದುಕೊಂಡು ಮುಖವನ್ನು ಭಾಗ ಭಾಗವಾಗಿ ಮುಗಿಸುತ್ತ, ಬ್ರಷ್ ಅಥವಾ ಹಿಂಡಿದ ಒದ್ದೆ ಸ್ಪಾಂಜಿನಿಂದ ಒತ್ತಿ ಕೂರಿಸಬೇಕು, ಎಳೆಯಬಾರದು. ಕಲೆ ಇರುವಲ್ಲಿ ಮಾತ್ರ ಎರಡನೆಯ ಪದರ. ಬಾಳಿಕೆ ಬರಲೆಂದು ದಪ್ಪವಾಗಿ ಬಳಿದರೆ ಪರಿಣಾಮ ತಿರುಗುಮುರುಗಾಗುತ್ತದೆ. ದಪ್ಪ ಪೊರೆಯೇ ಮೊದಲು ಬಿರಿಯುವುದು. ಕೊನೆಗೆ ಜಿಡ್ಡಾಗುವ ಜಾಗಗಳಿಗೆ ಪೌಡರ್ ಒತ್ತಬೇಕು. ಆರತಕ್ಷತೆಯಂಥ ಸಮಾರಂಭದಲ್ಲಿ ಸಿಲಿಕಾ ಹೆಚ್ಚಿರುವ ಬಿಳಿ ಪೌಡರನ್ನು ಧಾರಾಳವಾಗಿ ಬಳಸಿದರೆ ಕ್ಯಾಮೆರಾದ ಫ್ಲ್ಯಾಶ್‌ಗೆ ಮುಖ ಬಿಳಿಚಿಕೊಂಡಂತೆ ಫೋಟೋದಲ್ಲಿ ಬರುತ್ತದೆ. ಆದ್ದರಿಂದ ಮೊದಲೇ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡುವುದು ಕ್ಷೇಮ.

ಒಂದು ದಿನದ ಪರೀಕ್ಷೆ

ಮೊದಲು ಸಣ್ಣ ಟ್ಯೂಬ್ ಅಥವಾ ಸ್ಯಾಂಪಲ್ ಕೊಂಡು, ಸ್ವಲ್ಪವನ್ನು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಬೇಕು. ತುರಿಕೆ, ಕೆಂಪು ಕಾಣದಿದ್ದರೆ ಮುಖಕ್ಕೆ ಹಚ್ಚಬಹುದು. ಪರೀಕ್ಷೆಗೆ ಮದುವೆಯ ದಿನ ಆಗದು. ಬಸ್ಸು, ಬಿಸಿಲು, ಊಟ ಎಲ್ಲ ಇರುವ ಮಾಮೂಲಿ ದಿನವೇ ಬೇಕು. ನಾಲ್ಕು ಗಂಟೆಗೊಮ್ಮೆ ಮೂಗಿನ ಪಕ್ಕ, ಮೇಲ್ದುಟಿ, ಗಲ್ಲ, ನಗುವಿನ ಗೆರೆಗಳನ್ನು ನೋಡಿದರೆ ತಪ್ಪು ಎಲ್ಲಿದೆ ಎಂದು ಮುಖವೇ ಹೇಳುತ್ತದೆ.

ಮಿಂಚುತ್ತ ಜಾರಿದ್ದರೆ ಅಡಿಯ ಮಾಯಿಶ್ಚರೈಸರ್ ಹೆಚ್ಚಾಗಿದೆ, ಇಲ್ಲವೇ ಮ್ಯಾಟ್ ಬಗೆ ಬೇಕು. ಹೊಟ್ಟಿನಂತೆ ಎದ್ದಿದ್ದರೆ ಆ ಬಗೆ ಒಣ ಚರ್ಮಕ್ಕೆ ಒಗ್ಗದು. ಗೆರೆಗಳಲ್ಲಿ ಕೂತಿದ್ದರೆ ಪ್ರಮಾಣ ಜಾಸ್ತಿ. ಬಣ್ಣ ಕಪ್ಪಾಗಿದ್ದರೆ ಅದೇ ಛಾಯೆಯಲ್ಲಿ ಅರ್ಧ ಶೇಡ್ ತಿಳಿಯಾದದ್ದು ಸಾಕು. ಮೂಗಿನಲ್ಲಿ ಮಾತ್ರ ಬಿಟ್ಟು ಉಳಿದೆಡೆ ನಿಂತಿದ್ದರೆ ಫೌಂಡೇಶನ್ ಬದಲಿಸಬೇಕಿಲ್ಲ. ಟಿಶ್ಯೂ ಒತ್ತಿ ಜಿಡ್ಡು ತೆಗೆದು, ಆಮೇಲೆ ಪೌಡರ್ ಹಾಕಿದರೆ ಆಯಿತು. ಜಿಡ್ಡಿನ ಮೇಲೇ ಪೌಡರ್ ಹಾಕಿದರೆ ಅದು ಗಸಿಯಂತೆ ಮೆತ್ತಿಕೊಳ್ಳುತ್ತದೆ.

ತೆಗೆಯುವುದು, ಇಡುವುದು

ನೀರಿಗೆ ಬಿಡದ ಪೊರೆ ಬರಿಯ ನೀರು, ಸೋಪಿಗೆ ಪೂರ್ತಿ ಹೋಗುವುದಿಲ್ಲ. ಕ್ಲೆನ್ಸಿಂಗ್ ಬಾಮ್, ಕ್ಲೆನ್ಸಿಂಗ್ ಆಯಿಲ್ ಅಥವಾ ಮೈಸೆಲ್ಲರ್ ವಾಟರ್‌ನಿಂದ ಮೊದಲು ಕರಗಿಸಿ, ಆಮೇಲೆ ಫೇಸ್‌ವಾಶ್ ಬಳಸಬೇಕು. ಹಚ್ಚಿಕೊಂಡೇ ಮಲಗುವುದು ಮೊಡವೆಗೆ ದಾರಿ. ಸ್ಪಾಂಜ್, ಬ್ರಷ್‌ಗಳನ್ನು ವಾರಕ್ಕೊಮ್ಮೆಯಾದರೂ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು.

ಬಾಟಲಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ ‘12 ಎಂ’ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಎಂದರ್ಥ. ಬಿಸಿಲು ಬೀಳುವ ಕಿಟಕಿ, ಕಾರು ಅದಕ್ಕೆ ಜಾಗವಲ್ಲ. ವಾಸನೆ ಬದಲಾದರೆ, ಅಲುಗಾಡಿಸಿದರೂ ಎಣ್ಣೆ ಬೇರೆ, ಬಣ್ಣ ಬೇರೆಯಾಗಿಯೇ ಉಳಿದರೆ ಅವಧಿ ಇದ್ದರೂ ಎಸೆಯಬೇಕು. ಹಚ್ಚಿದಾಗಲೆಲ್ಲ ಉರಿ, ತುರಿಕೆ, ಹೊಸ ಮೊಡವೆ ಕಾಣಿಸಿಕೊಂಡರೆ ಬಳಕೆ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಬೇಕು. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ದರೆ, ಯಾವ ವಸ್ತು ಒಗ್ಗಲಿಲ್ಲ ಎಂದು ಪತ್ತೆಹಚ್ಚುವುದು ಅವರಿಗೆ ಸುಲಭವಾಗುತ್ತದೆ.