ನೆತ್ತಿಯ ಗುಳಿಗೆ ಎಣ್ಣೆ ಮದ್ದಲ್ಲ

ಹೊಸಪೇಟೆ, ಕಂಪ್ಲಿ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಆಸುಪಾಸು. ಕೂಸಿಗೆ ಭೇದಿ ಹತ್ತಿದರೆ ಅಜ್ಜಿಯ ಕೈ ಮೊದಲು ಹೋಗುವುದು ನೆತ್ತಿಗೆ. ‘ಗುಳಿ ಬಿದ್ದೈತೆ ನೋಡವ್ವ’ ಎನ್ನುತ್ತಾಳೆ. ಅವಳು ಹೇಳಿದ್ದು ಸರಿಯೇ. ಮೈಯ ನೀರಿನಂಶ ಇಳಿದಾಗ ಆ ಮೆತ್ತನೆ ಜಾಗ ಒಳಗೆ ಕುಸಿಯುತ್ತದೆ; ಮಕ್ಕಳ ಡಾಕ್ಟರೂ ಮುಟ್ಟಿ ನೋಡುವುದು ಅದನ್ನೇ. ಎಡವಟ್ಟಾಗುವುದು ಆಮೇಲೆ, ಗುಳಿ ತುಂಬಲೆಂದು ಹರಳೆಣ್ಣೆ ಸುರಿದಾಗ. ಎಣ್ಣೆ ಕೂದಲಿಗೂ ಚರ್ಮಕ್ಕೂ ಅಂಟಿಕೊಂಡು ಉಳಿಯುತ್ತದೆಯೇ ಹೊರತು ಮಿದುಳಿಗೆ ಇಳಿಯುವುದಿಲ್ಲ. ನೆತ್ತಿ ಬೇಗ ಕೂಡುವಂತೆಯೂ ಮಾಡುವುದಿಲ್ಲ.

ಹಾಗಾದರೆ ಅಲ್ಲಿ ಇರುವುದೇನು? ಹುಟ್ಟಿದ ಕೂಸಿನ ಬುರುಡೆ ಒಂದೇ ಮೂಳೆಯಲ್ಲ. ಹಣೆಯ ಎರಡು ಹೋಳು, ನೆತ್ತಿಯ ಎರಡು ಮೂಳೆ ಸೇರುವಲ್ಲಿ ವಜ್ರಾಕಾರದ, ಸುಮಾರು 2–3 ಸೆಂ.ಮೀ. ತೆರಪು ಇರುತ್ತದೆ. ಇಂಥವು ಒಟ್ಟು 6. ಹೆರಿಗೆಯಲ್ಲಿ ಮೂಳೆಗಳು ಒಂದರ ಮೇಲೊಂದು ಜರುಗಿ ತಲೆ ಹೊರಬರಲು, ಆಮೇಲೆ ಮಿದುಳು ಬೆಳೆಯಲು ಈ ಏರ್ಪಾಡು. ಹಿಂದಲೆಯ ತ್ರಿಕೋನ 2–3 ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನದು ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ, ಕೆಲವರಲ್ಲಿ 2 ವರ್ಷಕ್ಕೆ.

ಮುಟ್ಟಿದರೆ ಮಿದುಳಿಗೆ ಪೆಟ್ಟು ಎಂಬ ಅಂಜಿಕೆಯೂ ಇದೆ. ತೆರಪಿನ ಮೇಲೆ ಗಟ್ಟಿ ನಾರಿನ ಪೊರೆ, ಅದರಡಿ ಮಿದುಳಿನ ಹೊದಿಕೆ ಇರುತ್ತವೆ. ಎರೆಯುವಾಗ, ಬಾಚುವಾಗ, ಹಂಪಿಯಲ್ಲಿ ಜವಳ ತೆಗೆಸುವಾಗ ಹಗುರವಾಗಿ ಮುಟ್ಟಿದರೆ ಏನೂ ಆಗದು. ಒತ್ತಬಾರದು, ಅಷ್ಟೆ. ನೆತ್ತಿ ಟಕ್ ಟಕ್ ಎಂದು ಮಿಡಿಯುವುದು ಹೃದಯದ ಬಡಿತ, ರೋಗವಲ್ಲ.

ನೆತ್ತಿಯಲ್ಲಿ ಬ್ರಹ್ಮರಂಧ್ರವೆಂಬ ಬಾಗಿಲಿದೆ ಎಂಬ ಮಾತೂ ಬರುತ್ತದೆ. ಯೋಗಿಗಳ ಕಲ್ಪನೆ ಅವರಿಗಿರಲಿ. ದೊಡ್ಡವರ ನೆತ್ತಿಯ ನಡುವೆ ತೆರೆದ ಬಾಗಿಲೇನೂ ಇಲ್ಲ. ಬುರುಡೆಯ ದೊಡ್ಡ ರಂಧ್ರ ಇರುವುದು ತಳದಲ್ಲಿ, ಬೆನ್ನುಹುರಿ ಹಾಯುವಲ್ಲಿ.

ಅಳುವಾಗ ನೆತ್ತಿ ಉಬ್ಬಿದರೆ ಗಾಬರಿ ಬೇಡ. ಸುಮ್ಮನೆ ಎತ್ತಿಕೊಂಡಾಗಲೂ ಉಬ್ಬಿಯೇ ಇದ್ದು, ಜ್ವರ, ವಾಂತಿ, ಮಂಪರು ಇದ್ದರೆ ಅದು ಮಿದುಳುಪೊರೆಯ ಸೋಂಕಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ. 2 ವರ್ಷ ದಾಟಿದರೂ ಕೂಡದಿದ್ದರೆ ಥೈರಾಯ್ಡ್ ಅಥವಾ ವಿಟಮಿನ್ ಡಿ ಕೊರತೆ ಇದೆಯೇ ಎಂದು ಡಾಕ್ಟರು ನೋಡಬೇಕು.

ಇನ್ನು ಗುಳಿ ಬಿದ್ದ ನೆತ್ತಿಯ ಮಾತು. ಎದೆಹಾಲು ನಿಲ್ಲಿಸಬೇಡಿ. 1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿ ಹಾಕಿ ಕದಡಿ, ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸಿ. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಸಂಡೂರಿನ ಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತ ಕೂರದೆ 108ಕ್ಕೆ ಫೋನ್ ಮಾಡಿ.