ಕೋಣ ಗೆದ್ದಿತು, ಬೋಲ್ಟ್ ಹೆಸರು ಓಡಿತು

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ನೂರು ಮೀಟರಿಗೆ ಇಳಿಸಿದರೆ ಸುಮಾರು 9.55 ಬರುತ್ತದೆ, ಬರ್ಲಿನ್‌ನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು. ವಿಡಿಯೊ ದೇಶವೆಲ್ಲ ಸುತ್ತಿತು, ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲೂಕು ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಮುಗಿಸಿದಾಗ ಮತ್ತೆ ಅದೇ ಭಾಗಾಕಾರ, ಅದೇ ಬೋಲ್ಟ್. ಜನಪ್ರಿಯವಾದದ್ದು ಕಂಬಳವೋ, 2017ರಲ್ಲೇ ನಿವೃತ್ತನಾಗಿದ್ದ ಜಮೈಕಾದ ಓಟಗಾರನ ಹೆಸರೋ? ನನಗೆ ಎರಡನೆಯದೇ ನಿಜವೆನಿಸುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ನಿಂತಲ್ಲಿಂದ ವೇಗ ಹಿಡಿಯಲು ಹೋಗುವ ಸಮಯ ನೂರು ಮೀಟರಿನಲ್ಲಿ ದುಬಾರಿ. ದೂರ ತುಸು ಹೆಚ್ಚಿದರೆ ಸರಾಸರಿಯಲ್ಲಿ ಅದರ ಭಾರ ತಗ್ಗುತ್ತದೆ. ಹೋಲಿಸಲೇಬೇಕೆಂದಿದ್ದರೆ ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ ಬೋಲ್ಟ್ 150 ಮೀಟರನ್ನು 14.35ರಲ್ಲಿ ಓಡಿದ್ದನ್ನು ತೆಗೆದುಕೊಳ್ಳಬೇಕಿತ್ತು. ಅಲ್ಲಿಯ ಸರಾಸರಿ ಸೆಕೆಂಡಿಗೆ 10.45 ಮೀಟರ್, ಐಕಳದ್ದು 10.46. ಅಂದರೆ ಹೆಚ್ಚುಕಮ್ಮಿ ಸಮ. ಆದರೆ ಬೋಲ್ಟ್‌ನನ್ನು ಎಳೆಯಲು ಮುಂದೆ ಯಾರೂ ಇರಲಿಲ್ಲ. ಅವನ ಕಾಲಡಿಯಲ್ಲಿ ಕೆಸರೂ ಇರಲಿಲ್ಲ. ಕೋಣ ಕೊಟ್ಟದ್ದೆಷ್ಟು, ಕೆಸರು ಕಸಿದದ್ದೆಷ್ಟು ಎಂದು ಯಾವ ಭಾಗಾಕಾರವೂ ಹೇಳದು. ಇದನ್ನು ಎಲ್ಲರಿಗಿಂತ ಮೊದಲು ಅರಿತವರು ಗೌಡರೇ. ಗೆಲುವಿನಲ್ಲಿ ಕೋಣಗಳ ಪಾಲಿದೆ ಎಂದರು, ಕಂಬಳದಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಬೆರಳ ತುದಿಯ ಓಟ ಎಂದು ವಿವರಿಸಿದರು, ಟ್ರಯಲ್ಸ್‌ಗೆ ಹೋಗಲಿಲ್ಲ. ಅದನ್ನು ಹಿಂಜರಿಕೆ ಎಂದವರಿಗೆ ಕಂಬಳದ ಕೆಸರುಗದ್ದೆಯಾದ ‘ಕರೆ’ಯ ಪರಿಚಯವಿಲ್ಲ.

ಹೆಸರು ಯಾವುದಾದರೇನು, ಪ್ರಚಾರ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ ಗೌಡರಿಗೆ ಸರ್ಕಾರ 3 ಲಕ್ಷ ರೂಪಾಯಿ ಕೊಟ್ಟಿತು. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕುತ್ತು ಕಂಡಿದ್ದ ಆಟಕ್ಕೆ ಹೊರಗಿನವರ ಮೆಚ್ಚುಗೆ ಬೇಕೂ ಇತ್ತು. ಆದರೆ ಕಂಬಳವನ್ನು ಉಳಿಸಿದ್ದು ವಿಡಿಯೊ ಅಲ್ಲ. 2017ರ ರಾಜ್ಯದ ಕಾನೂನು ತಿದ್ದುಪಡಿ, ಅದನ್ನು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಸಂವಿಧಾನ ಪೀಠ, ಇವೆರಡರ ಹಿಂದೆ ಕೋಣ ಸಾಕುವವರ ವರ್ಷಗಟ್ಟಲೆಯ ಹೋರಾಟವಿದೆ.

ಕಟಪಾಡಿಯ ಮೂಡು-ಪಡು ಕಂಬಳದ ಫಲಿತಾಂಶವನ್ನು ಪತ್ರಿಕೆಯಲ್ಲಿ ಓದಿದರೆ ಆಟದ ಲೆಕ್ಕಾಚಾರವೇ ಬೇರೆ ಎಂಬುದು ಕಾಣುತ್ತದೆ. ಹಗ್ಗ ಹಿರಿಯ, ನೇಗಿಲು ಕಿರಿಯ ಎಂದು ವಿಭಾಗ. ಮೊದಲು ಕೋಣಗಳ ಯಜಮಾನರ ಹೆಸರು, ಆಮೇಲೆ ‘ಓಡಿಸಿದವರು’. ಇನ್ನು ಕನೆಹಲಗೆ ವಿಭಾಗದಲ್ಲಂತೂ ಸೆಕೆಂಡಿಗೆ ಕೆಲಸವೇ ಇಲ್ಲ. ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಆರೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೇ, ಏಳೂವರೆಯದನ್ನೇ ಮುಟ್ಟಿತೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಹೋಲಿಸಲು ಒಲಿಂಪಿಕ್ಸ್‌ನಲ್ಲಿ ಯಾರನ್ನು ಹುಡುಕುವುದು?