ಗುರಿಗಿಂತ ಮೊದಲು ಕಲಿಯಬೇಕಾದುದು

ಉದ್ಯಾನದಲ್ಲಿ ರಾಣಿ ಕುಸುಮಾವಳಿಯೊಡನೆ ಇದ್ದ ಅರಸ ಯಶೋಮತಿಗೆ ಎರಡು ಕೋಳಿಗಳ ಕೂಗು ಕೇಳಿಬರುತ್ತದೆ. ಕಣ್ಣಿಗೆ ಕಾಣದ ಗುರಿಯನ್ನು ದನಿಯಿಂದಲೇ ಅರಿತು ಹೊಡೆಯುವ ಶಬ್ದವೇಧಿ ವಿದ್ಯೆಯಲ್ಲಿ ಅವನು ನಿಪುಣ. ಆ ಜಾಣ್ಮೆಯನ್ನು ಮಡದಿಗೆ ತೋರಿಸುವ ಉತ್ಸಾಹದಲ್ಲಿ ಬಾಣ ಬಿಡುತ್ತಾನೆ. ಎರಡೂ ಕೋಳಿಗಳು ಸಾಯುತ್ತವೆ. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಆ ಕೋಳಿಗಳು ಯಾರೆಂಬುದು ಗೊತ್ತು. ಒಂದು ಅವನ ತಂದೆ ಯಶೋಧರ, ಇನ್ನೊಂದು ಅಜ್ಜಿ ಚಂದ್ರಮತಿ. ಅನೇಕ ತಿರ್ಯಗ್ಜನ್ಮಗಳಲ್ಲಿ ನೊಂದು ಬಂದ ಆ ಜೀವಗಳು ಕುಸುಮಾವಳಿಯ ಗರ್ಭದಲ್ಲೇ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟುತ್ತವೆ. ಬಾಣ ಬಿಟ್ಟವನೇ ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಿಸುತ್ತಾನೆ.

ಮಕ್ಕಳ ಕೈಗೆ ಬಿಲ್ಲನ್ನಾಗಲಿ ಬಂದೂಕನ್ನಾಗಲಿ ಯಾವಾಗ ಕೊಡಬಹುದು ಎಂದು ಯೋಚಿಸುವ ತಂದೆತಾಯಿಗಳಿಗೆ ಈ ಕಥೆ ನೆನಪಾಗಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಶೂಟಿಂಗ್ ಇಂದು ಗೌರವದ ಕ್ರೀಡೆ. ಅದನ್ನು ಕಲಿಯುವ ಹಂಬಲ ಜೈನ ಮನೆಯ ಮಗುವಿಗೂ ಬರಬಹುದು. ಅಹಿಂಸೆಯೇ ಪರಮ ಧರ್ಮವೆಂದು ನಂಬಿದ ಮನೆಯವರು ಆಗ ಏನು ಹೇಳಬೇಕು?

ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಬೇಟೆಯ ಮಾತು ಬೇರೆ, ಗುರಿವಿದ್ಯೆಯ ಮಾತು ಬೇರೆ. ಬೇಟೆಯನ್ನು ನಮ್ಮ ಆಚಾರ್ಯರು ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಕಳವು, ಪರಸ್ತ್ರೀಸಂಗಗಳ ಜೊತೆಗೆ ಸಪ್ತವ್ಯಸನಗಳಲ್ಲಿ ಎಣಿಸಿದ್ದಾರೆ. ಮಗು ಕಳವು ಕಲಿಯಲು ಯಾವ ವಯಸ್ಸು ತಕ್ಕದ್ದೆಂದು ಯಾರೂ ಕೇಳುವುದಿಲ್ಲ. ಬೇಟೆಗೂ ಹಾಗೆಯೇ ತಕ್ಕ ವಯಸ್ಸೆಂಬುದಿಲ್ಲ. ಗೃಹಸ್ಥನ ಬದುಕಿನಲ್ಲಿ ಅಡುಗೆ, ಮನೆಗೆಲಸಗಳಿಂದ ಆರಂಭೀ ಹಿಂಸೆ, ಕಸುಬಿನಿಂದ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯಿಂದ ವಿರೋಧೀ ಹಿಂಸೆ ಸಂಭವಿಸುತ್ತವೆ. ಇವು ಪೂರ್ಣವಾಗಿ ತಪ್ಪುವುದಿಲ್ಲ. ಆದರೆ ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತೊರೆಯಬೇಕು. ವಿನೋದದ ಬೇಟೆ ಈ ಕೊನೆಯ ಬಗೆಗೆ ಸೇರುತ್ತದೆ.

ಗುರಿವಿದ್ಯೆಯನ್ನು ಮಾತ್ರ ಪರಂಪರೆ ಹಾಗೆ ತಳ್ಳಿಹಾಕಿಲ್ಲ. ಆದಿನಾಥ ಸ್ವಾಮಿ ಲೋಕಕ್ಕೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿಯೂ ಒಂದು. ಪುತ್ರ ಬಾಹುಬಲಿಗೆ ಆತನು ಧನುರ್ವೇದವನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಆ ವಿದ್ಯೆ ಕಲಿತವನು ಅಣ್ಣ ಭರತನೊಡನೆ ವೈಮನಸ್ಯ ಬಂದಾಗ ಆಯುಧ ಹಿಡಿಯಲಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸಲೂ ಇಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿರುವ ಆ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನೂ ಸೇನಾಪತಿಯೇ. ಬಲವಿದ್ದೂ ತಡೆದುಕೊಳ್ಳಬಲ್ಲ ಕೈಯನ್ನು ನಮ್ಮ ಪುರಾಣಗಳು ಹೀಗೆ ಕೊಂಡಾಡಿವೆ.

ಹಾಗಾದರೆ ಮಗು ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ಎಂಟು ವರ್ಷ ತುಂಬಿದ ಬಳಿಕ ಮಗು ವ್ರತ ಸ್ವೀಕರಿಸಲು ಅರ್ಹವೆಂದು ಶಾಸ್ತ್ರ ಒಪ್ಪುತ್ತದೆ. ಆದರೆ ಅರ್ಹತೆ ವಯಸ್ಸೊಂದರಿಂದಲೇ ಪೂರ್ಣವಾಗುವುದಿಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಕಷಾಯಕ್ಕೆ ವಶವಾದ ಎಚ್ಚರಗೇಡಿತನದಲ್ಲಿ ಗುರುತಿಸಿದ್ದಾರೆ. ಪೋಷಕರು ನೋಡಬೇಕಾದುದು ಅದನ್ನೇ. ಸಿಟ್ಟು ಬಂದಾಗ ಮಗು ಕೈಯಲ್ಲಿದ್ದುದನ್ನು ಎಸೆಯುತ್ತದೆಯೇ, ಕೆಳಗಿಡುತ್ತದೆಯೇ? ತನ್ನ ಸರದಿಗಾಗಿ ಕಾಯಬಲ್ಲದೇ? ತಪ್ಪು ಮಾಡಿದಾಗ ಒಪ್ಪಿಕೊಳ್ಳುತ್ತದೆಯೇ? ಗಾಯಗೊಂಡ ಗುಬ್ಬಚ್ಚಿಯನ್ನು ಕಂಡು ಮರುಗುತ್ತದೆಯೇ? ಇಷ್ಟನ್ನು ಕಲಿಯದವನು ಹದಿನೆಂಟಾದರೂ ಸಿದ್ಧನಲ್ಲ.

ಗುರಿ ಯಾವುದೆಂಬುದೂ ಮುಖ್ಯ. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಗೊಂಬೆಯಾದರೂ ಕಡಿಯುವಾಗ ಇದ್ದ ಸಂಕಲ್ಪ ಅವನನ್ನು ಜನ್ಮಜನ್ಮಾಂತರ ಬಿಡಲಿಲ್ಲ. ಕಾಗದದ ಕಪ್ಪು ವೃತ್ತದ ಮೇಲೆ ಮನಸ್ಸನ್ನು ನಿಲ್ಲಿಸುವುದು ಏಕಾಗ್ರತೆಯ ಅಭ್ಯಾಸ. ಅದೇ ಕಾಗದವನ್ನು ಜಿಂಕೆಯೆಂದೋ ಶತ್ರುವೆಂದೋ ಭಾವಿಸಿ ಹೊಡೆದು ಹಿಗ್ಗಿದರೆ ಅದೂ ಹಿಟ್ಟಿನ ಕೋಳಿಯೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಯಾವ ಪ್ರಾಣಿಯನ್ನೂ ಕೊಲ್ಲದೆ ಗುರಿಕಾರನ ಕೌಶಲ ಮೆರೆಯಬಹುದೆಂಬುದಕ್ಕೆ ಈ ಸ್ಪರ್ಧೆಯೇ ಸಾಕ್ಷಿ.

ಕೊನೆಯ ಹೊಣೆ ಹಿರಿಯರದು. ಶ್ರಾವಕರಿಗೆ ಹೇಳಿರುವ ಅನರ್ಥದಂಡ ವ್ರತದಲ್ಲಿ ‘ಹಿಂಸಾದಾನ’ವೆಂಬ ದೋಷವಿದೆ. ವಿಷ, ಬೆಂಕಿ, ಆಯುಧಗಳಂಥ ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದೇ ಆ ದೋಷವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ಮಗುವಿನ ಮನಸ್ಸನ್ನು ಅರಿಯದೆ ಆಯುಧ ಕೊಟ್ಟವನು ಮುಂದೆ ಆಗುವ ಕೇಡಿನಲ್ಲಿ ಪಾಲುದಾರ. ಕವಣೆಯಿಂದ ಹಕ್ಕಿ ಹೊಡೆದ ಮಗನ ಗುರಿಯನ್ನು ಮೆಚ್ಚಿ ನಗುವ ತಂದೆಯೂ ಆ ಕೊಲೆಗೆ ಅನುಮೋದನೆ ಕೊಟ್ಟಂತೆಯೇ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರರಿಂದಲೂ ಕರ್ಮ ಅಂಟುತ್ತದೆ.

ಯಶೋಮತಿಯ ಕಥೆ ಬಾಣದೊಂದಿಗೆ ಮುಗಿಯುವುದಿಲ್ಲ. ಮುಂದೊಮ್ಮೆ ಬೇಟೆಗೆ ಹೋದವನು ಸುದತ್ತ ಮುನಿಗಳ ಮೇಲೆ ನಾಯಿಗಳನ್ನು ಛೂ ಬಿಡುತ್ತಾನೆ. ಅವು ಕಚ್ಚದೆ ತಲೆಬಾಗಿ ನಿಲ್ಲುತ್ತವೆ. ತಾನು ಕೊಂದದ್ದು ಯಾರನ್ನೆಂದು ಮುನಿಗಳಿಂದ ತಿಳಿದ ಅರಸ ಎಲ್ಲವನ್ನೂ ತೊರೆಯುತ್ತಾನೆ. ಅವನ ಗುರಿ ಎಂದೂ ತಪ್ಪಿರಲಿಲ್ಲ. ಎದುರಿಗಿರುವುದು ತನ್ನಂತೆಯೇ ಬದುಕಲು ಬಯಸುವ ಜೀವವೆಂದು ಬಾಲ್ಯದಲ್ಲಿ ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಮಕ್ಕಳಿಬ್ಬರ ಹೆಸರಿನಲ್ಲೂ ‘ಅಭಯ’ವಿದೆ. ಮಗುವಿನ ಕೈಗೆ ಏನನ್ನೇ ಕೊಡುವ ಮುನ್ನ ಆ ಅಭಯವನ್ನು ಪರಜೀವಿಗಳಿಗೆ ಕೊಡುವುದನ್ನು ನಾವು ಕಲಿಸಬೇಕು.